ಐದು ಅಡಿಯ ಪಟ್‌ಗಳೆಲ್ಲ ಎಡಕ್ಕೆ ಹೋಗುತ್ತಿವೆ: ನನ್ನ ಸ್ಟ್ರೋಕ್‌ಗೆ ಯಾವ ಪಟರ್ ಸರಿ?

ಗಣಿತದ ಮೇಡಂ, ಮೈಸೂರು

ಎಲ್ಲರಿಗೂ ನಮಸ್ಕಾರ. ಹೊಸ ಪಟರ್, ಅಂದರೆ ಚೆಂಡನ್ನು ಮೆಲ್ಲಗೆ ಹೋಲ್‌ಗೆ ಉರುಳಿಸುವ ಗಾಲ್ಫ್ ಕೋಲು, ತಗೊಳ್ಳೋಣ ಅಂತಿದ್ದೇನೆ. ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳೋಣ ಅನ್ನಿಸಿತು.

ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಚಾಮುಂಡಿ ಬೆಟ್ಟದ ಬುಡದಲ್ಲಿರುವ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್‌ನಲ್ಲಿ ಭಾನುವಾರ ಬೆಳಿಗ್ಗೆ ಆಡುತ್ತೇನೆ. ಹ್ಯಾಂಡಿಕ್ಯಾಪ್ 22, ಅಂದರೆ ಸಾಧಾರಣ ಆಟ. ಬಲಗೈ ಆಟ. ಎತ್ತರ 5 ಅಡಿ 2 ಇಂಚು. ಡ್ರೈವರ್ ದೂರ ಹೋಗುವುದಿಲ್ಲ, ಅದರ ಚಿಂತೆ ನನಗಿಲ್ಲ. ಚಿಪ್ಪಿಂಗ್ ಪರವಾಗಿಲ್ಲ. ಹೋಲ್ ಸುತ್ತಲಿನ ಗ್ರೀನ್ ಮೇಲೆ ಬಂದಾಗಲೇ ತಾಪತ್ರಯ ಶುರು.

ಈಗ ಇರುವುದು ನಮ್ಮ ಮಾವನವರ ಪಟರ್. ತೆಳ್ಳನೆಯ ಬ್ಲೇಡ್, ಶಾಫ್ಟ್ (ಕೋಲು) ಹೆಡ್‌ನ ಹೀಲ್ ತುದಿಗೇ, ಅಂದರೆ ಆಡುವವರ ಕಾಲಿನ ಕಡೆಯ ತುದಿಗೇ, ಬಂದು ಸೇರುತ್ತದೆ. ಉದ್ದ 35 ಇಂಚು. ಹೆಡ್ ಮೇಲೆ ಗೆರೆ, ಚುಕ್ಕಿ ಏನೂ ಇಲ್ಲ. ಮಾವನವರು ಆರಡಿ ಎತ್ತರದವರು. ಇದರಲ್ಲಿ ಬಹಳ ಚೆನ್ನಾಗಿ ಆಡುತ್ತಿದ್ದರು. ಮಂಡಿ ನೋವಿನಿಂದ ಆಟ ಬಿಟ್ಟಾಗ ನನಗೆ ಕೊಟ್ಟರು.

ತೊಂದರೆ ಎರಡು. ನಾಲ್ಕರಿಂದ ಆರು ಅಡಿಯ ಪಟ್ ತಪ್ಪಿದರೆ ಎಡಕ್ಕೇ ತಪ್ಪುತ್ತದೆ. ಒಮ್ಮೆ ಎಡ, ಒಮ್ಮೆ ಬಲ ಅಂತಿದ್ದರೆ ಕೈ ಪಳಗಿಲ್ಲ ಅಂದುಕೊಳ್ಳುತ್ತಿದ್ದೆ. ಹಾಗಲ್ಲ, ಒಂದೇ ಕಡೆ. ಎರಡನೆಯದು, ಇಪ್ಪತ್ತು, ಮೂವತ್ತು ಅಡಿಯಿಂದ ಹೊಡೆದದ್ದು ಹೋಲ್‌ವರೆಗೆ ತಲುಪುವುದೇ ಇಲ್ಲ.

ಕ್ಲಬ್‌ನಲ್ಲಿ ಎಲ್ಲರೂ "ಮ್ಯಾಲೆಟ್ ತಗೋ" ಅಂತಾರೆ, ಅಂದರೆ ದೊಡ್ಡ ಹೆಡ್‌ನದು. ಒಂದು ಅಂಗಡಿಯಲ್ಲಿ ವಿಚಾರಿಸಿದೆ. ನಾಲ್ಕು ಪಟ್ ನೋಡಿ, "ನಿಮ್ಮ ಸ್ಟ್ರೋಕ್ ನೇರ ಇದೆ, ಫೇಸ್ ಬ್ಯಾಲೆನ್ಸ್ಡ್ ಬೇಕು" ಅಂದರು. ಜೊತೆಗೆ ಆಡುವವರು ನನ್ನ ಸ್ಟ್ರೋಕ್ ಕಮಾನಿನಂತಿದೆ ಅಂತಾರೆ. ಯಾರ ಮಾತು ಸರಿ? ಸ್ಟ್ರೋಕ್ ನೋಡಿ ಪಟರ್ ಆರಿಸುವುದು ಅಂದರೆ ನಿಜವಾಗಿ ಏನು ನೋಡಬೇಕು? ಬಜೆಟ್ 20,000 ರೂಪಾಯಿ. ಸೆಕೆಂಡ್ ಹ್ಯಾಂಡ್ ಆದರೂ ಸರಿ.

---

ಇಂದಿರಾನಗರ ಗಾಲ್ಫರ್

ಮೇಡಂ, ನಾನು ಮ್ಯಾಲೆಟ್ ಪಕ್ಷ. ಅಮೆರಿಕದ ಗಾಲ್ಫರ್ ಸ್ಕಾಟಿ ಶೆಫ್ಲರ್ ಅವರನ್ನೇ ನೋಡಿ. ಗ್ರೀನ್‌ವರೆಗಿನ ಆಟದಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ, ಪಟಿಂಗ್ ಮಾತ್ರ ಕೈ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಬ್ಲೇಡ್ ಬಿಟ್ಟು ಟೇಲರ್‌ಮೇಡ್ ಸ್ಪೈಡರ್ ಹಿಡಿದರು. ಆ ವಾರವೇ ಆರ್ನಾಲ್ಡ್ ಪಾಮರ್ ಇನ್ವಿಟೇಷನಲ್ ಗೆದ್ದರು. ಮುಂದಿನ ವಾರ ಪ್ಲೇಯರ್ಸ್ ಗೆದ್ದರು. ಏಪ್ರಿಲ್‌ನಲ್ಲಿ ಮಾಸ್ಟರ್ಸ್. 2025ರಲ್ಲಿ ರೋರಿ ಮೆಕಿಲ್‌ರಾಯ್ ಮಾಸ್ಟರ್ಸ್ ಗೆದ್ದಾಗ ಅವರ ಕೈಯಲ್ಲಿದ್ದದ್ದೂ ಸ್ಪೈಡರ್ರೇ.

ಮ್ಯಾಲೆಟ್‌ನಲ್ಲಿ ತೂಕ ಹಿಂದಕ್ಕೂ ಅಂಚಿಗೂ ಹರಡಿರುತ್ತದೆ. ಚೆಂಡು ಮಧ್ಯದಿಂದ ಸ್ವಲ್ಪ ಆಚೀಚೆ ತಗುಲಿದರೂ ಹೆಡ್ ಜಾಸ್ತಿ ತಿರುಗುವುದಿಲ್ಲ. ವಾರಕ್ಕೊಂದು ದಿನ ಆಡುವ ನಮ್ಮಂಥವರಿಗೆ ಅದು ದೊಡ್ಡ ಸಹಾಯ. ನಾನು ಒಡಿಸಿ ಟೂ ಬಾಲ್ ಇಟ್ಟುಕೊಂಡಿದ್ದೇನೆ. ಹೆಡ್ ಮೇಲೆ ಎರಡು ಬಿಳಿ ವೃತ್ತ, ಮುಂದೆ ನಿಜವಾದ ಚೆಂಡು. ಮೂರೂ ಸಾಲಾಗಿ ಕಂಡರೆ ಗುರಿ ಸರಿ ಇದೆ ಅಂತ ಅರ್ಥ. ಕಣ್ಣು ಮುಚ್ಚಿ ತಗೊಳ್ಳಿ.

---

ಪಟರ್ ರಿಪೇರಿ, ಬೆಂಗಳೂರು

ಮೇಡಂ, ದಯವಿಟ್ಟು ಏನನ್ನೂ ಈಗಲೇ ಕೊಳ್ಳಬೇಡಿ. ಇಂದಿರಾನಗರದವರು ಮ್ಯಾಲೆಟ್ ಬಗ್ಗೆ ಹೇಳಿದ್ದೆಲ್ಲ ನಿಜ. ಆದರೆ ಟೈಗರ್ ವುಡ್ಸ್ ಗೆದ್ದ 15 ಮೇಜರ್ ಟೂರ್ನಿಗಳಲ್ಲಿ 14 ಬಂದಿದ್ದು ಒಂದೇ ಸ್ಕಾಟಿ ಕ್ಯಾಮರಾನ್ ನ್ಯೂಪೋರ್ಟ್ 2 ಬ್ಲೇಡ್‌ನಲ್ಲಿ. ಯಾರು ಯಾವುದರಲ್ಲಿ ಗೆದ್ದರು ಅನ್ನುವುದರಿಂದ ನಿಮ್ಮ ಚೆಂಡು ಯಾಕೆ ಎಡಕ್ಕೆ ಹೋಗುತ್ತಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ನಾನು ಹುಡುಗನಾಗಿದ್ದಾಗ ಬೆಂಗಳೂರಿನಲ್ಲಿ ಕ್ಯಾಡಿ ಆಗಿದ್ದೆ. ಈಗ ಕ್ಲಬ್ ರಿಪೇರಿ ಮಾಡುತ್ತೇನೆ. ಗ್ರಿಪ್ ಹಾಕುವುದು, ಶಾಫ್ಟ್ ಕತ್ತರಿಸುವುದು, ಲೈ (ಶಾಫ್ಟ್ ನೆಲಕ್ಕೆ ಮಾಡುವ ಕೋನ) ಬಗ್ಗಿಸುವುದು ನನ್ನ ದಿನದ ಕೆಲಸ. ಪಟರ್ ಹಿಡಿದು ಬರುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಬ್ಲೇಡಾ, ಮ್ಯಾಲೆಟ್ಟಾ ಅಂತ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಉದ್ದ. ಆಮೇಲೆ ಕಣ್ಣು ಎಲ್ಲಿ ಗುರಿ ಇಡುತ್ತದೆ ಅನ್ನುವುದು. ಆಮೇಲೆ ಚೆಂಡು ಫೇಸ್‌ನ, ಅಂದರೆ ಹೆಡ್‌ನ ಮುಂಬದಿಯ, ಯಾವ ಜಾಗಕ್ಕೆ ತಗುಲುತ್ತದೆ ಅನ್ನುವುದು. ಸ್ಟ್ರೋಕ್ ನೇರವೋ ಕಮಾನೋ ಅನ್ನುವುದು ಅದರ ನಂತರ.

ನಿಮ್ಮ ಬರಹ ಓದಿದಾಗ ನನ್ನ ಕಣ್ಣಿಗೆ ಬಿದ್ದದ್ದು ಎರಡೇ ಸಂಖ್ಯೆ. 5 ಅಡಿ 2 ಇಂಚು ಎತ್ತರ, 35 ಇಂಚು ಪಟರ್. ಆರಡಿ ಆಳಿಗೆ ಹೊಂದುವ ಕೋಲು ಅದು. ಉದ್ದ ಹೆಚ್ಚಾದರೆ ಮೊಣಕೈ ಮಡಚಬೇಕಾಗುತ್ತದೆ, ಚೆಂಡಿನಿಂದ ದೂರ ನಿಲ್ಲಬೇಕಾಗುತ್ತದೆ. ಆಗ ಕಣ್ಣು ಚೆಂಡಿನ ಮೇಲೆ ಬರುವುದಿಲ್ಲ, ಕಾಲಿನ ಕಡೆ ಉಳಿಯುತ್ತದೆ. ಪಟರ್‌ನ ಟೋ, ಅಂದರೆ ಹೀಲ್‌ಗೆ ಎದುರಿನ ತುದಿ, ನೆಲ ಬಿಟ್ಟು ಮೇಲೇಳುತ್ತದೆ. ಟೋ ಎದ್ದರೆ ಫೇಸ್ ಎಡಕ್ಕೆ ತಿರುಗುತ್ತದೆ ಅಂತ ಹೇಳುವುದುಂಟು. ಅದು ಸರಿಯೇ, ಆದರೆ ಪಟರ್‌ನ ಲಾಫ್ಟ್ (ಫೇಸ್ ಹಿಂದಕ್ಕೆ ಬಾಗಿರುವ ಓರೆ) 3 ಅಥವಾ 4 ಡಿಗ್ರಿ ಮಾತ್ರ ಇರುವುದರಿಂದ ಆ ತಿರುವು ಬಹಳ ಸಣ್ಣದು. ನಿಜವಾದ ಪೆಟ್ಟು ಬೇರೆ ಕಡೆ. ಟೋ ಎದ್ದಾಗ ಚೆಂಡು ಹೀಲ್ ಕಡೆ ತಗುಲಲು ಶುರುವಾಗುತ್ತದೆ. ಹೀಲ್‌ಗೆ ತಗುಲಿದರೆ ಹೀಲ್ ಹಿಂದೆ ಬೀಳುತ್ತದೆ, ಟೋ ಮುಂದೆ ಬರುತ್ತದೆ, ಫೇಸ್ ಮುಚ್ಚಿಕೊಳ್ಳುತ್ತದೆ. ಚೆಂಡು ಎಡಕ್ಕೂ ಹೋಗುತ್ತದೆ, ಜೀವವಿಲ್ಲದೆಯೂ ಹೋಗುತ್ತದೆ. ನಿಮ್ಮ ಎರಡು ತೊಂದರೆಗೂ ಮೂಲ ಒಂದೇ ಇರಬಹುದು.

ಇರಬಹುದು ಅಂದೆ, ಯಾಕಂದರೆ ನಿಮ್ಮನ್ನು ನಾನು ನೋಡಿಲ್ಲ. ಮನೆಯಲ್ಲೇ ಕೆಲವು ಪರೀಕ್ಷೆ ಮಾಡಿ.

ಪಟ್ ಮಾಡುವ ಹಾಗೆ ನಿಲ್ಲಿ. ಇನ್ನೊಂದು ಚೆಂಡನ್ನು ಎರಡು ಕಣ್ಣಿನ ಮಧ್ಯೆ, ಮೂಗಿನ ಮೇಲ್ತುದಿಯಲ್ಲಿ ಹಿಡಿದು ಕೆಳಗೆ ಬಿಡಿ. ಅದು ನೆಲದ ಮೇಲಿನ ಚೆಂಡಿಗೆ ಬಡಿದರೆ ಅಥವಾ ಒಂದು ಇಂಚಿನಷ್ಟು ಒಳಗೆ ಬಿದ್ದರೆ ಸರಿ. ಮೂರು, ನಾಲ್ಕು ಇಂಚು ಒಳಗೆ ಬಿದ್ದರೆ ನೀವು ಗೆರೆಯನ್ನು ಪಕ್ಕದಿಂದ ನೋಡುತ್ತಿದ್ದೀರಿ ಅಂತ.

ಆಮೇಲೆ ಗುರಿ. ಗೆರೆ ಇಲ್ಲದ ನೆಲದ ಮೇಲೆ, ಕಾರ್ಪೆಟ್ ಆದರೆ ಒಳ್ಳೆಯದು, ಐದು ಅಡಿ ದೂರದಲ್ಲಿ ಒಂದು ನಾಣ್ಯ ಇಡಿ. ಚೆಂಡಿನ ಹಿಂದೆ ಪಟರ್ ಇಟ್ಟು ನಾಣ್ಯಕ್ಕೆ ಗುರಿ ಹಿಡಿಯಿರಿ. ಅಲ್ಲಾಡದೆ ನಿಲ್ಲಿ. ಮನೆಯಲ್ಲಿ ಯಾರಾದರೂ ಚೆಂಡು ತೆಗೆದು, ಸೆಟ್‌ಸ್ಕ್ವೇರ್‌ನ ಒಂದು ಅಂಚನ್ನು ಫೇಸ್‌ಗೆ ಒತ್ತಿಡಲಿ. ಇನ್ನೊಂದು ಅಂಚಿನ ಗುಂಟ ದಾರ ಎಳೆದು ನಾಣ್ಯದವರೆಗೆ ಒಯ್ಯಲಿ. ದಾರ ನಾಣ್ಯದ ಮೇಲೆ ಹೋಯಿತಾ, ಪಕ್ಕಕ್ಕೆ ಹೋಯಿತಾ ನೋಡಿ. ಇದನ್ನು ಒಮ್ಮೆ ಮಾಡಿ ನಂಬಬೇಡಿ. ದೂರ ಹೋಗಿ ವಾಪಸ್ ಬಂದು ಮತ್ತೆ ಮತ್ತೆ ನಿಂತು ಮಾಡಿ.

ನೀವು ಗಣಿತದವರು, ಲೆಕ್ಕ ನಿಮಗೇ ಗೊತ್ತಾಗುತ್ತದೆ. ಹೋಲ್‌ನ ಅಗಲ ನಾಲ್ಕೂಕಾಲು ಇಂಚು. ಮಧ್ಯದಿಂದ ಅಂಚಿಗೆ ಎರಡು ಇಂಚು ಚಿಲ್ಲರೆ. ಫೇಸ್ ಒಂದು ಡಿಗ್ರಿ ತಪ್ಪಿದರೆ ಐದು ಅಡಿಗೆ ಚೆಂಡು ಒಂದು ಇಂಚು ಪಕ್ಕಕ್ಕೆ ಹೋಗುತ್ತದೆ. ಎರಡು ಡಿಗ್ರಿ ತಪ್ಪಿದರೆ ಅಂಚಿಗೆ ತಗುಲಿ ಹೊರಗೆ. ಹತ್ತು ಅಡಿಯಲ್ಲಿ ಒಂದೇ ಡಿಗ್ರಿ ಸಾಕು. ಪಟರ್ ಹೋಗುವ ದಾರಿಗಿಂತ, ಚೆಂಡಿಗೆ ತಗುಲುವ ಕ್ಷಣದಲ್ಲಿ ಫೇಸ್ ಎತ್ತ ನೋಡುತ್ತಿದೆ ಅನ್ನುವುದೇ ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುತ್ತದೆ. ಅದಕ್ಕೇ ಗುರಿಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದು. ಗುರಿ ಎಡಕ್ಕಿದ್ದರೆ ಸ್ಟ್ರೋಕ್ ಒಳ್ಳೆಯದಾದಷ್ಟೂ ಚೆಂಡು ನಿಷ್ಠೆಯಿಂದ ಎಡಕ್ಕೇ ಹೋಗುತ್ತದೆ.

ಚೆಂಡು ಎಲ್ಲಿ ತಗುಲುತ್ತದೆ ನೋಡಲು ಫೇಸ್‌ಗೆ ಸ್ವಲ್ಪ ಮುಖದ ಪೌಡರ್ ಹಚ್ಚಿ ಪಟ್ ಮಾಡಿ. ಗುಂಡನೆಯ ಗುರುತು ಬೀಳುತ್ತದೆ. ಎಲ್ಲಿ ಬಿತ್ತು ಅಂತ ಬರೆದುಕೊಳ್ಳಿ.

ಇನ್ನು ನೇರವೋ ಕಮಾನೋ ಅನ್ನುವ ಜಗಳ. ನೆಲದ ಟೈಲ್ ಸಂದಿಯ ಮೇಲೆ ಪಟ್ ಮಾಡಿ, ಫೋನನ್ನು ಹಿಂದೆ ಇಟ್ಟು ವಿಡಿಯೊ ತೆಗೆಯಿರಿ. ಪಟರ್‌ನ ಶಾಫ್ಟ್ ನೆಟ್ಟಗೆ ನಿಲ್ಲುವುದಿಲ್ಲ, ಸಾಮಾನ್ಯವಾಗಿ ನೆಲಕ್ಕೆ 70 ಡಿಗ್ರಿಯಷ್ಟು ಓರೆಯಾಗಿರುತ್ತದೆ. ನೆಟ್ಟಗಿನಿಂದ ಕಡೇಪಕ್ಷ 10 ಡಿಗ್ರಿ ಓರೆ ಇರಲೇಬೇಕು ಅಂತ ನಿಯಮವೇ ಇದೆ. ಓರೆಯಾದ ಕೋಲನ್ನು ಭುಜದಿಂದ ತೂಗಿದರೆ ಹೆಡ್ ಹಿಂದೆ ಹೋಗುವಾಗ ಸ್ವಲ್ಪ ಒಳಕ್ಕೆ ಬಂದೇ ಬರುತ್ತದೆ. ಹಾಗಾಗಿ ಪೂರ್ತಿ ನೇರ ಸ್ಟ್ರೋಕ್ ಬಹಳ ಅಪರೂಪ. ಎಷ್ಟು ಕಮಾನು ಅನ್ನುವುದೇ ಪ್ರಶ್ನೆ.

ಆ ಕಮಾನಿಗೆ ಹೊಂದಿಸುವುದು ಟೋ ಹ್ಯಾಂಗ್. ಶಾಫ್ಟನ್ನು ಒಂದು ಬೆರಳ ಮೇಲೆ ಅಡ್ಡ ಮಲಗಿಸಿ ತೂಕ ಸಮ ಮಾಡಿ. ಫೇಸ್ ಆಕಾಶ ನೋಡಿದರೆ ಅದು ಫೇಸ್ ಬ್ಯಾಲೆನ್ಸ್ಡ್. ಟೋ ನೆಲದ ಕಡೆ ಜೋತುಬಿದ್ದರೆ ಟೋ ಹ್ಯಾಂಗ್ ಇದೆ ಅಂತ. ನಿಮ್ಮ ಮಾವನವರ ಹೀಲ್ ಶಾಫ್ಟ್ ಬ್ಲೇಡ್‌ನ ಟೋ ನೆಟ್ಟಗೆ ಕೆಳಗೆ ಜೋತುಬೀಳುತ್ತದೆ, ಬೇಕಾದರೆ ಈಗಲೇ ನೋಡಿ. ಅಂಥ ಪಟರ್ ಹಿಂದೆ ಹೋಗುವಾಗ ಚೆನ್ನಾಗಿ ತೆರೆದುಕೊಳ್ಳುತ್ತದೆ, ಮುಂದೆ ಬರುವಾಗ ಮುಚ್ಚಿಕೊಳ್ಳುತ್ತದೆ. ದೊಡ್ಡ ಕಮಾನಿನವರಿಗೆ ಅದು ಹಿತ. ಸಣ್ಣ ಕಮಾನಿನವರು ಅದನ್ನು ಹಿಡಿದರೆ ಕೈಯಲ್ಲಿ ಸರಿಪಡಿಸುತ್ತಾ ಇರಬೇಕಾಗುತ್ತದೆ.

ಇನ್ನೊಂದು ಮಾತು. ಮ್ಯಾಲೆಟ್ ಅಂದ ತಕ್ಷಣ ಫೇಸ್ ಬ್ಯಾಲೆನ್ಸ್ಡ್ ಅಂತ ಅಂದುಕೊಳ್ಳಬೇಡಿ. ಒಡಿಸಿ 7ನೇ ನಂಬರ್ ತಗೊಳ್ಳಿ. ಅದೇ ಹೆಡ್‌ಗೆ ಗಿಡ್ಡ ಓರೆ ಕತ್ತು (ಶಾಫ್ಟ್ ಹೆಡ್‌ಗೆ ಸೇರುವ ಭಾಗ) ಹಾಕಿದರೆ 7 ಎಸ್ ಆಗುತ್ತದೆ, ಟೋ ಹ್ಯಾಂಗ್ ಬರುತ್ತದೆ. ಸ್ಪೈಡರ್‌ನಲ್ಲೂ ಬೇರೆ ಬೇರೆ ಬಗೆ ಕತ್ತು ಸಿಗುತ್ತದೆ. ಬೆರಳ ಮೇಲೆ ಇಟ್ಟು ನೋಡದೆ ಯಾವುದನ್ನೂ ಒಪ್ಪಬೇಡಿ.

ಪರೀಕ್ಷೆ ಎರಡು ಸಲ ಮಾಡಿ. ಒಮ್ಮೆ ಈಗ ಹಿಡಿಯುವ ಹಾಗೆ. ಇನ್ನೊಮ್ಮೆ ಗ್ರಿಪ್‌ನ ಎರಡು ಇಂಚು ಕೆಳಗೆ ಹಿಡಿದು. ಫಲಿತಾಂಶ ಇಲ್ಲಿ ಹಾಕಿ.

---

ಗಣಿತದ ಮೇಡಂ, ಮೈಸೂರು

ಪಟರ್ ರಿಪೇರಿಯವರಿಗೆ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಮಗಳು ದಾರ ಹಿಡಿದಳು, ಮಾವನವರು ಕುರ್ಚಿ ಹಾಕಿಕೊಂಡು ಕೂತು ನೋಡಿದರು. ಬರೆದಿಟ್ಟದ್ದನ್ನು ಹೇಳುತ್ತೇನೆ.

ಈಗ ಹಿಡಿಯುವ ಹಾಗೆ ಹಿಡಿದರೆ ಮೂಗಿನಿಂದ ಬಿಟ್ಟ ಚೆಂಡು ಮೂರು ಇಂಚಿಗೂ ಜಾಸ್ತಿ ಒಳಗೆ ಬೀಳುತ್ತದೆ. ದಾರ ನಾಣ್ಯದ ಎಡಕ್ಕೆ ಸುಮಾರು ಒಂದೂವರೆ ಇಂಚು ಹೋಗುತ್ತದೆ. ಅಂದರೆ ಐದು ಅಡಿಗೆ 1.4 ಡಿಗ್ರಿ. ಪೌಡರ್ ಗುರುತು ಹೆಚ್ಚುಕಡಿಮೆ ಎಲ್ಲವೂ ಹೀಲ್ ಕಡೆಗೇ.

ಎರಡು ಇಂಚು ಕೆಳಗೆ ಹಿಡಿದರೆ ಚೆಂಡು ಮುಕ್ಕಾಲು ಇಂಚು ಒಳಗೆ ಬೀಳುತ್ತದೆ. ಗುರುತು ಮಧ್ಯಕ್ಕೆ ಬಂತು. ದಾರ ಅರ್ಧ ಇಂಚು ಮಾತ್ರ ಎಡಕ್ಕೆ, ಅಂದರೆ ಅರ್ಧ ಡಿಗ್ರಿಯಷ್ಟು. ಪಟರ್ ಅದೇ, ಬದಲಾಗಿದ್ದು ಕೈ ಇಟ್ಟ ಜಾಗ ಅಷ್ಟೇ. ನನಗೆ ನಿಜಕ್ಕೂ ಆಶ್ಚರ್ಯವಾಯಿತು.

ವಿಡಿಯೊದಲ್ಲಿ ಕಮಾನು ಇದೆ, ಆದರೆ ದೊಡ್ಡದಲ್ಲ. ಮಾವನವರ ಸ್ಟ್ರೋಕ್‌ಗೆ ಹೋಲಿಸಿದರೆ ಅರ್ಧ ಇರಬಹುದು. ಅವರು ಕೂತಲ್ಲಿಂದಲೇ ಎದ್ದು ಒಂದು ಪಟ್ ಮಾಡಿ ತೋರಿಸಿದರು, ಅದನ್ನೂ ವಿಡಿಯೊ ಮಾಡಿದೆ.

ಭಾನುವಾರ ಕ್ಲಬ್‌ನಲ್ಲಿ ಗೆಳತಿಯರ ಪಟರ್ ಇಸಿದುಕೊಂಡು ಅದೇ ದಾರದ ಪರೀಕ್ಷೆ ಮಾಡಿದೆ. ಟೂ ಬಾಲ್‌ನಲ್ಲಿ ದಾರ ಬಲಕ್ಕೆ ಹೋಯಿತು. ಇಂದಿರಾನಗರದವರಿಗೆ ಸಾಲಾಗಿ ಕಾಣುವ ಆ ಮೂರು ವೃತ್ತ ನನಗೆ ಯಾಕೋ ಸಾಲಾಗಿ ಕಾಣುವುದೇ ಇಲ್ಲ. ಶಾಫ್ಟ್ ನಡುವಿಗೆ ಬರುವ ಒಂದು ಫೇಸ್ ಬ್ಯಾಲೆನ್ಸ್ಡ್ ಮ್ಯಾಲೆಟ್‌ನಲ್ಲಿ ಗುರಿ ಸರಿ ಇತ್ತು, ಆದರೆ ಹೊಡೆದಾಗ ಚೆಂಡು ಬಲಕ್ಕೆ ಹೋಯಿತು. ಒಂದೇ ಉದ್ದ ಗೆರೆ ಇರುವ, ಗಿಡ್ಡ ಓರೆ ಕತ್ತಿನ ಇನ್ನೊಂದು ಮ್ಯಾಲೆಟ್ ಸಿಕ್ಕಿತು. ಅದರಲ್ಲಿ ದಾರ ನಾಣ್ಯದ ಮೇಲೇ ಹೋಯಿತು. ಚೆಂಡೂ ಹೋಯಿತು. ಆದರೆ ಅದು 34 ಇಂಚು, ನಾನು ಕೆಳಗೆ ಹಿಡಿಯಬೇಕಾಯಿತು.

ಹಾಗಿದ್ದರೆ ಮಾವನವರ ಪಟರನ್ನೇ ಎರಡು ಇಂಚು ಕತ್ತರಿಸಿದರೆ ಸಾಕಾ? ಅವರು "ಕತ್ತರಿಸು, ಅದಕ್ಕೇನು" ಅಂತಾರೆ.

---

ಫೀನಿಕ್ಸ್ ಕನ್ನಡಿಗ

ಅರಿಜೋನಾದಿಂದ ನಮಸ್ಕಾರ. ನಾನು ಮಂಡ್ಯ ಕಡೆಯವನು, ಇಲ್ಲಿ ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಪಿಂಗ್ ಕಂಪನಿ ನಮ್ಮ ಊರಿನದೇ ಆದ್ದರಿಂದ ಪಟರ್ ಹುಚ್ಚು ಇಲ್ಲಿನವರಿಗೆ ಸ್ವಲ್ಪ ಜಾಸ್ತಿ.

ಹೀಲ್‌ಗೆ ತಗುಲುವ ಮಾತು ಬಂದದ್ದಕ್ಕೆ ಇದನ್ನು ಹೇಳಬೇಕು ಅನ್ನಿಸಿತು. ಪಿಂಗ್ ಶುರು ಮಾಡಿದ ಕಾರ್ಸ್ಟನ್ ಸೋಲ್‌ಹೈಮ್ ನಾರ್ವೆಯಲ್ಲಿ ಹುಟ್ಟಿದವರು, ಜನರಲ್ ಎಲೆಕ್ಟ್ರಿಕ್‌ನಲ್ಲಿ ಇಂಜಿನಿಯರ್ ಆಗಿದ್ದರು. ಗಾಲ್ಫ್ ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ. ಪಟ್ ಬೀಳುತ್ತಿಲ್ಲ ಅನ್ನುವ ಸಿಟ್ಟಿಗೆ ಮನೆಯ ಗ್ಯಾರೇಜಿನಲ್ಲಿ ತಾವೇ ಪಟರ್ ಮಾಡಲು ಕೂತರು. ಅವರ ಯೋಚನೆ ಸರಳ. ಹೆಡ್‌ನ ತೂಕ ಮಧ್ಯದಲ್ಲಿ ಇದ್ದರೆ, ಚೆಂಡು ಪಕ್ಕಕ್ಕೆ ತಗುಲಿದಾಗ ಹೆಡ್ ತಿರುಗುತ್ತದೆ. ತೂಕವನ್ನು ಹೀಲ್‌ಗೂ ಟೋಗೂ ಹಂಚಿದರೆ ಕಡಿಮೆ ತಿರುಗುತ್ತದೆ. 1959ರಲ್ಲಿ ಮೊದಲ ಪಟರ್ ಬಂತು. 1966ರಲ್ಲಿ ಆನ್ಸರ್ ಬಂತು. ಅದರ ಚಿತ್ರವನ್ನು ಅವರು ಮೊದಲು ಗೀಚಿದ್ದು ಒಂದು ಗ್ರಾಮಾಫೋನ್ ರೆಕಾರ್ಡಿನ ಕವರ್ ಮೇಲೆ. ಇವತ್ತು ಅಂಗಡಿಯಲ್ಲಿ ಕಾಣುವ ಬ್ಲೇಡ್‌ಗಳಲ್ಲಿ ಬಹಳಷ್ಟು ಆ ಆನ್ಸರ್ ಆಕಾರದವೇ. ಟೈಗರ್ ಅವರ ನ್ಯೂಪೋರ್ಟ್ ಕೂಡ ಅದೇ ವಂಶ.

ಮೇಡಂ ಅವರ ಬಳಿ ಇರುವುದು ಅದಕ್ಕೂ ಹಿಂದಿನ ಮಾದರಿ ಅನ್ನಿಸುತ್ತದೆ, ತೂಕ ಹಂಚಿಕೆ ಇಲ್ಲದ ತೆಳ್ಳನೆಯ ಬ್ಲೇಡ್. ಆನ್ಸರ್ ಬಗೆಯ ಬ್ಲೇಡ್ ಅದಕ್ಕಿಂತ ಕ್ಷಮಿಸುತ್ತದೆ, ಮ್ಯಾಲೆಟ್ ಇನ್ನೂ ಕ್ಷಮಿಸುತ್ತದೆ. ಆದ್ದರಿಂದ ಬ್ಲೇಡ್, ಮ್ಯಾಲೆಟ್ ಅಂತ ಎರಡು ಪಕ್ಷ ಮಾಡಿ ಜಗಳವಾಡುವುದು ಬೇಡ. ಒಂದೇ ದಾರಿಯಲ್ಲಿ ಒಂದರ ಮುಂದೆ ಒಂದು ಇರುವ ಮೆಟ್ಟಿಲು ಅವು.

ನಾನು ಇಲ್ಲಿ ಫಿಟಿಂಗ್ ಮಾಡಿಸಿಕೊಂಡಾಗ ಶಾಫ್ಟ್‌ಗೆ ಪುಟ್ಟ ಸೆನ್ಸರ್ ಕಟ್ಟಿ ಅಳೆದರು. ನನಗೆ ಬಂದದ್ದು ಮಧ್ಯಮ ಕಮಾನು, ಮಧ್ಯಮ ಟೋ ಹ್ಯಾಂಗ್. ಆ ದಾರ, ಪೌಡರ್ ಪರೀಕ್ಷೆಯಿಂದ ಮೇಡಂ ತಿಳಿದುಕೊಂಡದ್ದು ಅದಕ್ಕಿಂತ ಕಡಿಮೆಯೇನಲ್ಲ. ಗುರಿ ಎಲ್ಲಿದೆ ಅಂತ ನನಗೆ ಅವತ್ತು ಯಾರೂ ತೋರಿಸಲಿಲ್ಲ. ಇವತ್ತು ಈ ಬರಹ ಓದಿ ಮನೆಯಲ್ಲಿ ದಾರ ಹುಡುಕುತ್ತಿದ್ದೇನೆ.

---

ನಿವೃತ್ತ ಸುಬೇದಾರ್, ಮಡಿಕೇರಿ

ಮೇಡಂಗೆ ನಮಸ್ಕಾರ. ನನಗೆ ಈ ಡಿಗ್ರಿ, ಹ್ಯಾಂಗ್ ಎಲ್ಲ ಅಷ್ಟು ಗೊತ್ತಿಲ್ಲ. ಸೈನ್ಯದಲ್ಲಿದ್ದಾಗ ಆಟ ಕಲಿತದ್ದು ಬ್ರೌನ್ ಮೇಲೆ. ಎಣ್ಣೆ ಬೆರೆಸಿದ ಮರಳು, ಪಟ್ ಮಾಡುವ ಮೊದಲು ಅದರ ಮೇಲೆ ಮ್ಯಾಟ್ ಎಳೆದು ಸಮ ಮಾಡಬೇಕು. ಅಲ್ಲಿ ಹುಲ್ಲಿನ ಎಳೆತ ಇಲ್ಲ. ಗಟ್ಟಿಯಾಗಿ ಹೊಡೆದರೆ ಆಯಿತು. ಊರಿಗೆ ಬಂದು ಹುಲ್ಲಿನ ಗ್ರೀನ್ ಮೇಲೆ ಆಡಲು ಶುರು ಮಾಡಿದಾಗ ಕೈ ಬೇರೆಯೇ ಬೇಕಾಯಿತು.

ನಾನು ಹೇಳಬೇಕಾದದ್ದು ಹಿಡಿತದ ಬಗ್ಗೆ. ಈಗ ನನಗೆ 68. ಸಣ್ಣ ಪಟ್‌ನಲ್ಲಿ ಬಲಗೈ ಮಣಿಕಟ್ಟು ಅದುರುತ್ತದೆ. ಎಡಗೈ ಕೆಳಗೆ, ಬಲಗೈ ಮೇಲೆ ಹಿಡಿಯಲು ಶುರು ಮಾಡಿದ ಮೇಲೆ ಅದು ಎಷ್ಟೋ ಕಡಿಮೆಯಾಗಿದೆ. ಹಾಗೆ ಹಿಡಿದರೆ ಭುಜ ಎರಡೂ ಸಮವಾಗಿ ನಿಲ್ಲುತ್ತವೆ, ಬಲಗೈ ತಳ್ಳುವುದು ನಿಲ್ಲುತ್ತದೆ. ಎಡಕ್ಕೆ ಎಳೆಯುವವರು ಪಟರ್ ಕೊಳ್ಳುವ ಮೊದಲು ಇದನ್ನೂ ಒಮ್ಮೆ ನೋಡಿ. ಯಾಕಂದರೆ ಹಿಡಿತ ಬದಲಾದರೆ ನಿಲುವು ಬದಲಾಗುತ್ತದೆ, ಬೇಕಾದ ಉದ್ದವೂ ಬದಲಾಗುತ್ತದೆ.

ನನ್ನ ವಯಸ್ಸಿನವರು ಯಾರಾದರೂ ಓದುತ್ತಿದ್ದರೆ ಅವರಿಗೆ ಒಂದು ಮಾತು. ಉದ್ದ ಪಟರ್ ಈಗಲೂ ಇಟ್ಟುಕೊಳ್ಳಬಹುದು. 2013ರಲ್ಲಿ ಆಡಂ ಸ್ಕಾಟ್ ಮಾಸ್ಟರ್ಸ್ ಗೆದ್ದದ್ದು ಅಂಥದ್ದರಲ್ಲೇ. ಆದರೆ 2016ರ ಜನವರಿ 1ರಿಂದ ಅದನ್ನು ಎದೆಗೋ ಹೊಟ್ಟೆಗೋ ಒತ್ತಿಟ್ಟು ಹೊಡೆಯುವಂತಿಲ್ಲ. ಬರ್ನ್‌ಹಾರ್ಡ್ ಲ್ಯಾಂಗರ್ ಎದೆಯಿಂದ ದೂರ ಹಿಡಿದು ಈಗಲೂ ಅದರಲ್ಲೇ ಆಡುತ್ತಾರೆ. ಮುಂಗೈಗೆ ಒತ್ತಿ ಹಿಡಿಯುವ ಆರ್ಮ್ ಲಾಕ್‌ಗೆ ಅಡ್ಡಿ ಇಲ್ಲ. ಅದಕ್ಕೆ ಲಾಫ್ಟ್ ಜಾಸ್ತಿ ಇರುವ ಬೇರೆ ಪಟರ್ ಬೇಕು, ಯಾಕಂದರೆ ಶಾಫ್ಟ್ ಮುಂದಕ್ಕೆ ಬಾಗಿರುತ್ತದೆ. ಮಾಮೂಲಿ ಪಟರನ್ನೇ ಹಾಗೆ ಹಿಡಿದರೆ ಚೆಂಡು ನೆಲಕ್ಕೆ ಒತ್ತಿ ಕುಪ್ಪಳಿಸುತ್ತದೆ.

---

ಪಟರ್ ರಿಪೇರಿ, ಬೆಂಗಳೂರು

ಸುಬೇದಾರ್ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಹಿಡಿತ ಮೊದಲು ಗಟ್ಟಿಯಾಗಲಿ. ಎಡಗೈ ಕೆಳಗೆ ಹಿಡಿಯುವವರಿಗೆ ಸಾಮಾನ್ಯವಾಗಿ ಇನ್ನೂ ಸ್ವಲ್ಪ ಗಿಡ್ಡ ಪಟರ್ ಬೇಕಾಗುತ್ತದೆ.

ಮೇಡಂ, ನಿಮ್ಮ ಲೆಕ್ಕ ನೋಡಿ ಬಹಳ ಖುಷಿಯಾಯಿತು. ಬಾಯಿಮಾತಿಗೆ ಜಾಗವೇ ಇಲ್ಲ, ಎಲ್ಲ ದಾರ ಹೇಳುತ್ತಿದೆ.

ಮಾವನವರ ಪಟರ್ ಕತ್ತರಿಸಬಹುದು, ಐದು ನಿಮಿಷದ ಕೆಲಸ. ನಾನು ಬೇಡ ಅನ್ನುತ್ತೇನೆ. ಕಾರಣ ತೂಕ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೆಯ್ಟ್ (ಹೆಡ್ ಕೈಗೆ ಎಷ್ಟು ಭಾರ ಅನ್ನಿಸುತ್ತದೆ ಅನ್ನುವ ಅಳತೆ) ಸುಮಾರು ಮೂರು ಪಾಯಿಂಟ್ ಇಳಿಯುತ್ತದೆ. ಎರಡು ಇಂಚಿಗೆ ಹನ್ನೆರಡು. ಒಂದು ಪಾಯಿಂಟ್ ವಾಪಸ್ ತರಲು ಹೆಡ್‌ಗೆ ಎರಡು ಗ್ರಾಂ ಸೇರಿಸಬೇಕು. ಅಂದರೆ 24 ಗ್ರಾಂ. ಅಂಥ ಹಳೆಯ ತೆಳ್ಳನೆಯ ಬ್ಲೇಡ್ ಮೊದಲೇ ಹಗುರ. ಕತ್ತರಿಸಿದ ಮೇಲೆ ಕೈಯಲ್ಲಿ ಹೆಡ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಹೆಡ್ ಹಗುರವಾದಾಗ ಕೈ ತಾನಾಗಿ ಮಧ್ಯೆ ಬಂದು ತಳ್ಳುತ್ತದೆ. ಸೀಸದ ಟೇಪ್ ಅಷ್ಟು ಅಂಟಿಸಿದರೆ ಆ ಚಂದದ ಪಟರ್ ಹಾಳು. ಮೊದಲೇ 33 ಇಂಚಿಗೆ ಅಂತ ಮಾಡಿದ ಪಟರ್‌ನಲ್ಲಿ ಹೆಡ್ ತೂಕ ಜಾಸ್ತಿ ಇಟ್ಟಿರುತ್ತಾರೆ. ಇಲ್ಲವೇ ತಳದಲ್ಲಿ ಬಿಚ್ಚಿ ಹಾಕುವ ತೂಕದ ಸ್ಕ್ರೂ ಇರುತ್ತದೆ, ಭಾರದ್ದು ಹಾಕಿಕೊಳ್ಳಬಹುದು. ರೌಂಡ್ ನಡುವೆ ಮಾತ್ರ ಅದನ್ನು ಮುಟ್ಟುವಂತಿಲ್ಲ.

ನಿಮಗೆ ಬೇಕಾದದ್ದು ಈಗ ಸ್ಪಷ್ಟ. 33 ಇಂಚು. ಒಂದೇ ಗೆರೆಯ ಮ್ಯಾಲೆಟ್. ಗಿಡ್ಡ ಓರೆ ಕತ್ತು, ಸ್ವಲ್ಪ ಟೋ ಹ್ಯಾಂಗ್. ಫೇಸ್ ಬ್ಯಾಲೆನ್ಸ್ಡ್ ಪಟರ್‌ನಲ್ಲಿ ಗುರಿ ಸರಿ ಇದ್ದೂ ಚೆಂಡು ಬಲಕ್ಕೆ ಹೋಯಿತು ಅಂದಿರಿ. ನಿಮ್ಮ ಕಮಾನಿಗೆ ಆ ಫೇಸ್ ಸಮಯಕ್ಕೆ ಸರಿಯಾಗಿ ಮುಚ್ಚಿಕೊಳ್ಳಲಿಲ್ಲ. ಅಂಗಡಿಯವರ ಮಾತು ಕೇಳಿ ಅದನ್ನೇ ತಂದಿದ್ದರೆ ಎಡದ ತೊಂದರೆ ಹೋಗಿ ಬಲದ ತೊಂದರೆ ಬರುತ್ತಿತ್ತು.

ಲಾಫ್ಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, 3 ಅಥವಾ 4 ಡಿಗ್ರಿ ಸಾಕು. ನಮ್ಮ ಕಡೆಯ ಬರ್ಮುಡಾ ಹುಲ್ಲು ಮಳೆಗಾಲದಲ್ಲಿ ದಪ್ಪಗಾಗುತ್ತದೆ, ಗ್ರೀನ್ ನಿಧಾನವಾಗುತ್ತದೆ. ಅಂಥಲ್ಲಿ ತೀರಾ ಕಡಿಮೆ ಲಾಫ್ಟ್ ಇದ್ದರೆ ಚೆಂಡು ಹುಲ್ಲಿನಿಂದ ಏಳುವುದಿಲ್ಲ. ಫೇಸ್ ಮೆತ್ತಗಿರಬೇಕಾ, ಗಟ್ಟಿ ಲೋಹ ಇರಬೇಕಾ ಅನ್ನುವುದು ಕಿವಿಗೆ ಬಿಟ್ಟದ್ದು. ಕೇಳಲು ಹಿತವಾದದ್ದು ತಗೊಳ್ಳಿ.

ಗ್ರಿಪ್ ಬಗ್ಗೆ ಎಚ್ಚರ. ಈಗ ಎಲ್ಲರೂ ದಪ್ಪ ಗ್ರಿಪ್ ಹಾಕಿಸುತ್ತಾರೆ. ಮಣಿಕಟ್ಟು ಜಾಸ್ತಿ ಆಡುವವರಿಗೆ ಅದು ಒಳ್ಳೆಯದೇ. ನಿಮ್ಮ ಕೈ ಚಿಕ್ಕದಿರುತ್ತದೆ, ಜೊತೆಗೆ ದಪ್ಪ ಗ್ರಿಪ್‌ನ ತೂಕ ಮೇಲೆ ಬಂದರೆ ಹೆಡ್ ಮತ್ತೆ ಹಗುರ ಅನ್ನಿಸುತ್ತದೆ. ಮಧ್ಯಮ ಗಾತ್ರ ಹಾಕಿಸಿ.

ಡ್ರೈವರ್ ದೂರ ಹೋಗದ ಚಿಂತೆ ಇಲ್ಲ ಅಂದಿರಿ, ಆ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೇಗೆ ಆಡಿದರು ನೋಡಿದಿರಲ್ಲ. ಉದ್ದ ಹೊಡೆಯುವುದರಲ್ಲಿ ಅವರು ಬಹಳ ಹಿಂದೆ. ಆದರೂ ಪಟರ್ ಬಲದಿಂದ ಕೊನೆಯ ಹೋಲ್‌ವರೆಗೂ ಪದಕದ ಸಾಲಿನಲ್ಲಿ ನಿಂತರು. ನಾಲ್ಕನೇ ಸ್ಥಾನ, ಪದಕಕ್ಕೆ ಒಂದೇ ಸ್ಟ್ರೋಕ್ ಕಮ್ಮಿ. ಆ ಬೆಳಿಗ್ಗೆ ನಾವೆಲ್ಲ ಅಂಗಡಿ ತೆಗೆಯದೆ ಟಿವಿ ಮುಂದೆ ಕೂತಿದ್ದೆವು.

ಸೆಕೆಂಡ್ ಹ್ಯಾಂಡ್ ನೋಡುವಾಗ ಟೇಪ್ ಹಿಡಿದು ಅಳೆಯಿರಿ. ಹೀಲ್ ತಳದಿಂದ ಶಾಫ್ಟ್ ಗುಂಟ ಗ್ರಿಪ್ ತುದಿಯವರೆಗೆ. ಮಾರುವವರು 34 ಅಂದದ್ದು ಎಷ್ಟೋ ಸಲ ಬೇರೆ ಇರುತ್ತದೆ. 34 ಇಂಚಿನದು ಸಿಕ್ಕಿ ಬೇರೆಲ್ಲ ಸರಿ ಇದ್ದರೆ ಬಿಡಬೇಡಿ. ಒಂದು ಇಂಚು ಕತ್ತರಿಸಿ ತೂಕದ ಸ್ಕ್ರೂ ಬದಲಿಸಿದರೆ ಆಯಿತು. ದುಬಾರಿ ಹೆಸರಿನದು ತೀರಾ ಅಗ್ಗಕ್ಕೆ ಸಿಕ್ಕರೆ ನಕಲಿ ಇರಬಹುದು, ನಕಲಿ ಸ್ಕಾಟಿ ಕ್ಯಾಮರಾನ್‌ಗಳು ಸಂತೆಯಲ್ಲಿ ತುಂಬಾ ಇವೆ. ದುಡ್ಡು ಕೊಡುವ ಮೊದಲು ತಿಳಿದವರಿಗೆ ತೋರಿಸಿ.

---

ಗಣಿತದ ಮೇಡಂ, ಮೈಸೂರು

ಎಲ್ಲರಿಗೂ ಮನಸಾರೆ ವಂದನೆ. ಎಡಗೈ ಕೆಳಗೆ ಹಿಡಿದು ನೋಡಿದೆ, ಸಣ್ಣ ಪಟ್‌ಗೆ ಹಿತವಾಗಿದೆ, ದೂರದ್ದಕ್ಕೆ ಅಂದಾಜು ತಪ್ಪುತ್ತದೆ. ಸುಬೇದಾರ್ ಸರ್, ದೂರದ ಪಟ್‌ಗೆ ನೀವು ಹಿಡಿತ ಬದಲಿಸುತ್ತೀರಾ?

ಓರೆ ಕತ್ತಿನ ಒಂದು ಮ್ಯಾಲೆಟ್ 34 ಇಂಚಿನದು ಬೆಂಗಳೂರಿನಲ್ಲಿ ಮಾರಾಟಕ್ಕಿದೆ ಅಂತ ಗೆಳತಿ ಹೇಳಿದ್ದಾಳೆ. ತಳದಲ್ಲಿ ಎರಡು ಸ್ಕ್ರೂ ಇವೆಯಂತೆ. ಶನಿವಾರ ಹೋಗಿ ನೋಡುತ್ತೇನೆ.

---

ನಿವೃತ್ತ ಸುಬೇದಾರ್, ಮಡಿಕೇರಿ

ಹೌದು ಮೇಡಂ, ಬದಲಿಸುತ್ತೇನೆ. ಹದಿನೈದು ಅಡಿ ಒಳಗೆ ಎಡಗೈ ಕೆಳಗೆ, ಅದರಾಚೆ ಮಾಮೂಲಿ ಹಿಡಿತ. ಅದರಲ್ಲಿ ತಪ್ಪೇನಿಲ್ಲ. ಎರಡಕ್ಕೂ ಒಂದೇ ಪಟರ್ ಹೊಂದುತ್ತದಾ ಅಂತ ಶನಿವಾರ ಎರಡೂ ಹಿಡಿತದಲ್ಲಿ ಹೊಡೆದು ನೋಡಿ.

---

ಪಟರ್ ರಿಪೇರಿ, ಬೆಂಗಳೂರು

ದಾರ, ಸೆಟ್‌ಸ್ಕ್ವೇರ್, ಪೌಡರ್ ಡಬ್ಬಿ ಮೂರೂ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ ಮೇಡಂ. ಮಾರುವವರು ವಿಚಿತ್ರವಾಗಿ ನೋಡಿದರೂ ಪರವಾಗಿಲ್ಲ, ಪರೀಕ್ಷೆ ಮಾಡದೆ ದುಡ್ಡು ತೆಗೆಯಬೇಡಿ. ತಗೊಂಡರೆ ಕತ್ತರಿಸಲು ಅವರಿಗೇ ಕೊಡಬೇಡಿ. ಮೊದಲು ಎರಡು ವಾರ ಕೆಳಗೆ ಹಿಡಿದು ಆಡಿ, ಕೈ ಎಲ್ಲಿ ನಿಲ್ಲುತ್ತದೆ ಅಂತ ಗ್ರಿಪ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಆ ಗುರುತು ನೋಡಿ ಎಷ್ಟು ಕತ್ತರಿಸಬೇಕು ಅಂತ ಹೇಳುತ್ತೇನೆ.